ಮತ್ತೊಮ್ಮೆ ಒತ್ತಿ

ವೀಸಾ ಆಫೀಸಿನ ಗಾಜಿನ ಮೇಲೆ
ಹತ್ತೂ ಬೆರಳು ಇಟ್ಟೆ. ಮಿಷನ್ನು ಕೆಂಪಾಯಿತು.
"ಮತ್ತೊಮ್ಮೆ ಒತ್ತಿ, ಆಂಜಿನಮ್ಮ."
ಒತ್ತಿದೆ. ಸೆರಗಿಗೆ ಒರೆಸಿ ಒತ್ತಿದೆ.
ಅವನು ಆಚೆ ನೋಡಿದಾಗ ಉಗುಳು ಹಚ್ಚಿ ಒತ್ತಿದೆ.
ಇಪ್ಪತ್ತಾರು ವರ್ಷ ಕುದಿನೀರಿನಲ್ಲಿ
ಎಳೆಯ ತುದಿ ಹುಡುಕಿದ ಬೆರಳಪ್ಪ ಇವು,
ರೇಖೆಗಳೆಲ್ಲ ಎಂದೋ ನೂಲಿನ ಜೊತೆ ಮಾರಿಹೋಗಿವೆ
ಅಂತ ಆ ಹುಡುಗನಿಗೆ ಹೇಗೆ ಹೇಳಲಿ?
ರೇಷನ್ ಅಂಗಡಿಯವನಿಗೆ ಹೇಳಿಯೇ ಸಾಕಾಗಿದೆ.

ಅಂತೂ ಹೋದೆ.
ಶಿಡ್ಲಘಟ್ಟದಿಂದ ಒಂಬತ್ತು ಜನ,
ಎಂಟು ಜನ ರೀಲರು,
ಬೇಸಿನ್ನಿನ ಮುಂದೆ ಕೂರುವವಳು ನಾನೊಬ್ಬಳೇ.

ಮಿಲಾನಿನ ದೊಡ್ಡ ಚರ್ಚು:
ಗೂಡು ತುಂಬಿದ ಚಂದ್ರಿಕೆಯನ್ನು
ಬಿಸಿಲಿಗೆ ಎತ್ತಿ ನಿಲ್ಲಿಸಿದ ಹಾಗೆ ಬೆಳ್ಳಗೆ,
ಸಂದಿಸಂದಿಗೂ ಒಬ್ಬೊಬ್ಬ ಸಂತ ಅಂಟಿಕೊಂಡು.
ಐನೂರು ವರ್ಷ ಕಟ್ಟಿದರಂತೆ.
ನಮ್ಮ ಹುಳ ಮೂರು ದಿನದಲ್ಲಿ ಮುಗಿಸುತ್ತೆ ಅಂದೆ,
ನಯಾಜ್ ಸಾಬರು ಮಾತ್ರ ನಕ್ಕರು.

ಆಮೇಲೆ ಹಿಮದ ಬೆಟ್ಟ, ಬೆಟ್ಟದ ಬುಡಕ್ಕೆ ನೀರು.
ಸರೋವರ ಅಂದರು. ನನಗೆ ಕೆರೆ.
ಎಂಟು ರಾಮಸಮುದ್ರ ಕೆರೆ ಉದ್ದಕ್ಕೆ ಹೊಲಿದಷ್ಟು.
ಕೋಡಿ ಎಲ್ಲಿದೆ ಅಂತ ಕೇಳಿದೆ,
ಯಾರಿಗೂ ಗೊತ್ತಿಲ್ಲ, ಯಾರಿಗೂ ಬೇಕಿಲ್ಲ.

ರಸ್ತೆಯಂಚಿಗೆ ಒಂದು ಮರ.
ಎಲೆ ಮುಟ್ಟಿದೆ, ಮೂಸಿದೆ: ಹಿಪ್ಪುನೇರಳೆ!
ಹುಣಸೆಮರದಷ್ಟು ಎತ್ತರ, ಕೆಳಗೆಲ್ಲ ಹಣ್ಣು ಉದುರಿ ಕಪ್ಪು.
ನಮ್ಮಲ್ಲಿ ಅದನ್ನು ಎದೆಮಟ್ಟ ದಾಟಲು ಬಿಟ್ಟವರಿಲ್ಲ.
ಸೊಪ್ಪು ಕೊಯ್ಯುವವರು ಇಲ್ಲದೇ ಹೋದರೆ
ಗಿಡ ಹೀಗೆ ಮರವಾಗಿಬಿಡುತ್ತದೆ.

ಗೈಡಮ್ಮ ಹೇಳಿದಳು,
ಹಿಂದೆ ಇಲ್ಲಿಯ ಹೆಂಗಸರು ಮೊಟ್ಟೆಯ ಗಂಟನ್ನು
ರವಿಕೆಯೊಳಗೆ ಇಟ್ಟುಕೊಂಡು ಕಾವು ಕೊಡುತ್ತಿದ್ದರಂತೆ.
ಹುಳ ಮೇವು ಬಿಟ್ಟು ತಲೆಯೆತ್ತಿ ನಿಂತರೆ
ನಾವು ಜ್ವರ ಅನ್ನುತ್ತೇವೆ, ಅವರು ನಿದ್ದೆ ಅನ್ನುತ್ತಿದ್ದರಂತೆ.
ಒಂದೇ ಹುಳ. ಅಲ್ಲಿ ಮಲಗಿತ್ತು, ಇಲ್ಲಿ ಕಾಯಿಲೆ ಬಿದ್ದಿತ್ತು.

ಮ್ಯೂಸಿಯಮ್ಮಿನಲ್ಲಿ ತಾಮ್ರದ ಬೇಸಿನ್ನು.
ನೀರಿಲ್ಲ, ತಳದಲ್ಲಿ ಧೂಳೂ ಇಲ್ಲ.
ಮುಂದೆ ಸ್ಟೂಲಿನ ಮೇಲೆ ಮೇಣದ ಹೆಂಗಸು,
ನಮ್ಮ ಹಾಗೇ ಎಡಗಡೆಗೆ ಸ್ವಲ್ಪ ವಾಲಿ.
ಬೇಸಿನ್ನಿಗೆ ಹೆಸರಿನ ಚೀಟಿ ಇತ್ತು, ಇಸವಿ ಇತ್ತು.
ಅವಳಿಗೆ ಇರಲಿಲ್ಲ.
ಹಗ್ಗದ ಮೇಲೆ ಬಗ್ಗಿ ಬೆರಳು ನೋಡಿದೆ,
ಒಂದು ಗೆರೆ ಇಲ್ಲ.
ಪಾಪ, ಇವಳಿಗೂ ವೀಸಾ ಸಿಗುವುದಿಲ್ಲ.

ಎಳೆ ಸಡಿಲವಾಗಿತ್ತು.
ಕೈ ತಡೆಯಲಿಲ್ಲ, ಬಿಗಿ ಮಾಡಲು ಹೋದೆ,
ಗೋಡೆಯೊಳಗಿಂದ ಏನೋ ಕಿರುಚಿತು.
ಕಾವಲಿನವನು ಓಡಿ ಬಂದ.
ಬೆಂಗಳೂರಿನ ಮಿಷನ್ನು ಒಪ್ಪದ ಈ ಬೆರಳನ್ನು
ಅಲ್ಲಿಯದು ಮುಟ್ಟುವ ಮುಂಚೆಯೇ ಹಿಡಿಯಿತು.

ಸೋಮವಾರ, ಬೆಳಿಗ್ಗೆ ಏಳು. ಶೆಡ್ಡಿನಲ್ಲಿ ಹಬೆ.
"ಏನೇನು ನೋಡ್ದೆ ಅಕ್ಕಾ?"
ಫೋನು ಒದ್ದೆಯಾಗದ ಹಾಗೆ ಹಿಡಿದು ತೋರಿಸಿದೆ.
ಶಾಹೀನ ಬೇಸಿನ್ನಿನ ಫೋಟೊ ದೊಡ್ಡದು ಮಾಡಿದಳು.
"ವಾಸನೆ?"
"ಇರ್ಲಿಲ್ಲ."
"ಒಂಚೂರೂ?"
"ನೆಲ ಒರೆಸಿದ ಸೆಂಟಿನ ವಾಸನೆ."
"ಹಂಗಾದ್ರೆ ನೀನು ಏನೂ ನೋಡಿಲ್ಲ ಬಿಡು."

ಸತ್ತ ಹುಳಗಳು ಬೆಂದು ತೇಲುತ್ತಿದ್ದವು.
ಮೂರು ಗೂಡಿನ ಎಳೆ ಒಟ್ಟಿಗೆ ತುಂಡಾಯಿತು.
ನಾನು ತುದಿ ಹುಡುಕುತ್ತಿರುವಾಗ ಮತ್ತೆ ಕೇಳಿದಳು,
"ಟಿಕೆಟ್ಟು ಎಷ್ಟು?"
"ನಮ್ಮ ಮೂರು ದಿನದ ಕೂಲಿ."
"ಅಷ್ಟು ಕೊಟ್ಟು, ಹಿಂಗೆ ಕೂತಿರೋಳ್ನ ನೋಡ್ತಾರಾ?"

ದುಪಟ್ಟಾ ಸರಿಮಾಡಿಕೊಂಡಳು.
ಬೆನ್ನು ನೇರ ಮಾಡಿ ಕೂತಳು.