ಕಿಲಾವರ ಎಂಟು

ಗದಗಿನ ಪ್ರೆಸ್ಸಿನಲ್ಲಿ ಕರೆಂಟು ಹೋದರೆ
ಟ್ರೆಡಲ್ ಮಷಿನ್ ಬಾಯಿ ತೆರೆದಂತೆಯೇ ನಿಲ್ಲುತ್ತಿತ್ತು.
ಗ್ಯಾಲಿಗಳನ್ನು ಅತ್ತ ಸರಿಸಿ, ಫಾರ್ಮು ಕಟ್ಟುವ ಕಲ್ಲಿನ ಮೇಲೆ
ಅಡಿವೆಪ್ಪ ಎಲೆ ಹಂಚುತ್ತಿದ್ದ, ತಲೆಗೆ ಹದಿಮೂರು,
ಹೆಬ್ಬೆರಳ ಶಾಯಿ ಒಂದೊಂದರ ಮೂಲೆಗೂ ಹತ್ತಿ.
ಮೆಂಡಿಕೋಟ್. ನಾಲ್ಕು ಹತ್ತು ಹಿಡಿಯುವ ಆಟ.
ಎದುರಿಗೆ ಕೂತವ ಜೋಡಿ, ಬಗಲಿಗೆ ಕೂತವರು ವೈರಿ:
ಬೈಂಡಿಂಗಿನ ದಾವಲಸಾಬ, ಪ್ರೂಫ್ ನೋಡುವ ನರಹರಿ.

ನನಗಾಗ ಹದಿನೇಳು. ಮೊಳೆ ಜೋಡಿಸುವುದನ್ನೂ
ಎಲೆ ಆಡುವುದನ್ನೂ ಕಲಿಸಿದ್ದು ಒಂದೇ ಬಾಯಿ:
"ಕೈಯಾಗ ಏನದ ಅಂತ ನೋಡಿಕೋತ ಕೂಡಬ್ಯಾಡೋ, ಹೋದದ್ದು ಎಣಸು.
ಕೇಸಿನ್ಯಾಗ 'ದ' ಎಷ್ಟು ಉಳದಾವ, ನನಗ ಹ್ಯಾಂಗ ಗೊತ್ತಾಗ್ತದ?
ಎಷ್ಟು ಕಟ್ಟೀನಿ, ಅದು ನೆನಪದ. ಅಷ್ಟ."

ಹತ್ತನ್ನು ಅವಸರಕ್ಕೆ ಇಳಿಸಬೇಡ.
ಎಕ್ಕಾ ಬಂತೆಂದು ಮುಖ ಅರಳಿಸಬೇಡ, ನರಹರಿ
ತಪ್ಪು ಕಾಗುಣಿತ ಹುಡುಕುವ ಕಣ್ಣಲ್ಲೇ ಮುಖವನ್ನೂ ಓದುತ್ತಾನೆ.
ದಾವಲಸಾಬ ಸೋಲುವಾಗ ಗುನುಗುತ್ತಾನೆ, ಗೆಲ್ಲುವಾಗಲೂ;
ಅವನ ಬಾಯಿ ಬಿಟ್ಟು ಕಾಲ್ಬೆರಳು ನೋಡು.
ಸಣ್ಣ ಕೈ ಬಿಟ್ಟುಕೊಡು. ಬಿಟ್ಟುಕೊಟ್ಟದ್ದು ಕಾಣಬಾರದು.
ಕೆಮ್ಮುವುದು, ಮೂಗು ತುರಿಸುವುದು, ಅವೆಲ್ಲ ಕಳ್ಳರ ಆಟ.
"ಎಲಿನ ಮಾತಾಡ್ಲಿ. ನೀ ಓದು.
ಮೊಳಿ ಓದಿದಂಗ, ಉಲ್ಟಾ."

ಆ ವರ್ಷ ಪಂಚಮಿಗೆ ಬೆಟಗೇರಿಯಲ್ಲಿ ಪಂದ್ಯ.
ನೇಕಾರರ ಓಣಿಯ ಒಂದು ಮಾಳಿಗೆ, ಮೂವತ್ತೆರಡು ಜೋಡಿ,
ಕೆಳಗೆ ಹಬ್ಬಕ್ಕೆ ನಿಂತ ಮಗ್ಗಗಳು,
ಎಲೆಗಳಿಗೆಲ್ಲ ಉಂಡಿಯ ಬೆಲ್ಲದ ಅಂಟು.
ಗೆದ್ದವರಿಗೆ ಎರಡು ಗೋಡೆ ಗಡಿಯಾರ.
ಸಂಜೆಗೆ ಉಳಿದವರು ನಾವೇ ನಾಲ್ವರು,
ಕಲ್ಲೊಂದಿಲ್ಲ ಅನ್ನುವುದು ಬಿಟ್ಟರೆ ಪ್ರೆಸ್ಸೇ.

ಕೈಯಲ್ಲಿ ಮೂರೇ ಎಲೆ. ಹುಕುಂ ಇಸ್ಪೀಟು, ಹದಿಮೂರೂ ಹೋಗಿದ್ದವು.
ನಮಗೆ ಎರಡು ಹತ್ತು, ಅವರಿಗೊಂದು; ಹಿಡಿದ ಕೈ ಅವರವೇ ಹೆಚ್ಚು.
ಉಳಿದ ಹತ್ತು, ಕಿಲಾವರದ್ದು, ನನ್ನ ಹೆಬ್ಬೆರಳ ಕೆಳಗೆ.
ಅದರ ಪಕ್ಕ ಕಿಲಾವರ ಏಳು.
ದಾವಲಸಾಬ ಗುನುಗುತ್ತ ಕಿಲಾವರ ಗುಲಾಮನನ್ನು ಬಡಿದ.
ಎಕ್ಕಾ ಹೋಗಿದೆ, ರಾಣಿ ಹೋಗಿದ್ದಾಳೆ. ರಾಜ?
ನನ್ನ ನಂತರ ನರಹರಿ. ಕೊನೆಗೆ ಅಡಿವೆಪ್ಪ.
ಏಳು ಹಾಕಿ ಉಳಿಸಿಕೊಳ್ಳಲೇ ಹತ್ತನ್ನು?
ಉಳಿಸಿ ಯಾರಿಗೆ ಕೊಡಲಿ?

ಎಣಿಸಿದೆ. ಕಿಲಾವರದ ಮೊದಲ ಸುತ್ತಿಗೆ ಅಡಿವೆಪ್ಪ ಇಳಿಸಿದ್ದು ಎಂಟು,
ಎರಡನೆಯದಕ್ಕೆ ದುರ್ರಿ.
ಸಣ್ಣದು ಕೈಯಲ್ಲಿರುವಾಗ ದೊಡ್ಡದನ್ನು ಸುಮ್ಮನೆ ಒಗೆಯುವವನಲ್ಲ.
ಉಲ್ಟಾ ಸಾಲು! ಬಲಗಡೆಯಿಂದ ಓದಿದೆ:
ರಾಜ ನನ್ನ ಕಡೆ ಇದ್ದಾನೆ, ಹೆದರಬೇಡ.
ಹತ್ತನ್ನೇ ಹಾಕಿದೆ.
ನರಹರಿ ಐದು. ದಾವಲಸಾಬನ ಗುನುಗು ನಿಂತಿತು.
ಅಡಿವೆಪ್ಪ ರಾಜನನ್ನು, ಫಾರ್ಮಿಗೆ ಕೊನೆಯ ಮೊಳೆ ಇಡುವ ಹಾಗೆ,
ಮೆಲ್ಲಗೆ ಇಟ್ಟ.

ಗಡಿಯಾರ ಬಗಲಲ್ಲಿ ಹಿಡಿದು ನಡೆದು ಬರುವಾಗ
ಆ ಎಂಟನ್ನು ಹೊಗಳಿದೆ.
"ಯಾವ ಎಂಟು?" ಎಂದ. "ತಿರ್ರಿ ಒಗದಿದ್ನೆಲ್ಲೋ ನಾ."
ಚಷ್ಮಾ ತೆಗೆದು ಧೋತರದ ಚುಂಗಿನಿಂದ ಒರೆಸಿದ,
ಒರೆಸಿ, ಹಾಕಿಕೊಳ್ಳದೆ ಜೇಬಿಗೆ ಬಿಟ್ಟ.

ಮರುವಾರ ಒಂದು ಲಗ್ನಪತ್ರಿಕೆ ಕಟ್ಟಿದ.
ಮುಹೂರ್ತ ಬೆಳಿಗ್ಗೆ 8-20. ಪ್ರೂಫಿನಲ್ಲಿ 3-20.
ನರಹರಿ ಕೆಂಪು ಪೆನ್ನು ಎತ್ತಿದವ ತಡೆದ.
ಅಂಕಿಯನ್ನು ನೋಡಿದ, ಆಮೇಲೆ ನನ್ನನ್ನು,
ಆಮೇಲೆ ಕೇಸಿನ ಮೇಲೆ ಬಾಗಿದ ಆ ಬೆನ್ನನ್ನು, ಬಹಳ ಹೊತ್ತು.
ಹೋದದ್ದನ್ನು ಅವನೂ ಎಣಿಸಿಕೊಂಡಿದ್ದ, ಎಂಟನ್ನೂ ಸೇರಿಸಿ.
ತಿದ್ದಿದ. ತಿದ್ದಿದ್ದನ್ನು ಅಡಿವೆಪ್ಪನಿಗಲ್ಲ,
ನನ್ನ ಕೈಗೆ ಕೊಟ್ಟ.
"ಕರೆಂಟ್ ಹೋದ್ರ," ಎಂದ ಸಣ್ಣಗೆ,
"ಎಲಿ ಇವತ್ತ ನೀ ಹಂಚು."