ಸಮಂಜಸ ಹೊಂದಾಣಿಕೆ

ಕೂಡಿಸುವುದಿಲ್ಲ, ಕಳೆಯುವುದಿಲ್ಲ,
ಕೇಳಿದ್ದನ್ನು ಕೇಳಿದ ಹಾಗೇ ಹೇಳುತ್ತೇನೆ
ಎಂದು ಪ್ರಮಾಣ ಮಾಡಿ ಕುಳಿತೆ.
ಲೆಸ್ಟರ್, ಜನವರಿ. ಉದ್ಯೋಗ ನ್ಯಾಯಮಂಡಳಿಯ ಮೂರನೇ ಕೋಣೆ.
ಹೀಟರಿನ ಕೊಳವೆಯೊಳಗೆ ಯಾರೋ ಚಮಚ ಬಡಿಯುವಂಥ ಸದ್ದು.
ಪ್ಲಾಸ್ಟಿಕ್ ಜಗ್ಗಿನಲ್ಲಿ ನೀರು, ಟಿಶ್ಯೂ ಡಬ್ಬಿ,
ಮುನ್ನೂರ ಹನ್ನೆರಡು ಪುಟದ ಕಡತ,
ಅದರಾಚೆ ಹುಲಿಗೆಮ್ಮ, ಗಂಗಾವತಿಯವಳು,
ಕುರ್ಚಿಯ ತುದಿಯಲ್ಲಿ,
ಬೆನ್ನು ತಾಗದ ಹಾಗೆ.

ಮೊದಲು ಬಂದದ್ದು ಸೊನ್ನೆ ಗಂಟೆಯ ಕರಾರು.
'ಸೊನ್ನಿ ಅಂದ್ರ ಕೆಲಸ ಇಲ್ಲ ಅಂತಲ್ಲೇನ್ರಿ?
ನಾ ವಾರಕ್ಕ ಅರವತ್ತು ತಾಸು ಮಾಡೀನಿ.'
ಅರವತ್ತನ್ನು ಇಂಗ್ಲಿಷಿಗೆ ದಾಟಿಸಿದೆ.
ನನ್ನ ಏಜೆನ್ಸಿಯ ಕಾಗದದಲ್ಲೂ ಅದೇ ಸೊನ್ನೆ ಇದೆ;
ಯಾರೂ ಕೇಳಲಿಲ್ಲ, ದಾಟಿಸಲಿಲ್ಲ.

ಮಾಲೀಕರ ವಕೀಲ, ಸಭ್ಯ, ನೆಗಡಿ ಹಿಡಿದವನು,
ನೂರ ನಲವತ್ತೇಳನೇ ಪುಟ ತೆರೆಸಿದ:
ಮುದುಕರನ್ನು ಎತ್ತುವ ಯಂತ್ರ ಕೆಟ್ಟದ್ದು ಮಾರ್ಚಿನಲ್ಲಿ,
ಈಕೆಯ ಬೆನ್ನು ಹೋದದ್ದು ಏಪ್ರಿಲಿನಲ್ಲಿ.
ಸಮಂಜಸ ಹೊಂದಾಣಿಕೆಯನ್ನು ನೀವು ಕೇಳಿದಿರಾ?
ಹೊಂದಾಣಿಕೆ ಎಂದೆ. ನನ್ನ ಬಾಯನ್ನೇ ನೋಡಿದಳು.
ಪುಸ್ತಕದ ಮಾತು ಬಿಟ್ಟು, ತಪ್ಪೇ ಮಾಡಿದೆನೇನೋ,
ಅಡ್ಜಸ್ಟ್‌ಮೆಂಟ್ ಎಂದೆ.

'ಅಡ್ಜಸ್ಟಾ? ಮಾಡ್ಕೊಂಡೀನಲ್ರಿ!
ಒಂದು ಖೋಲ್ಯಾಗ ಆರು ಮಂದಿ ಅಡ್ಜಸ್ಟ್ ಆಗೀವಿ,
ರಾತ್ರಿ ಪಾಳಿ ಮುಗಿಸಿ ಹಗಲ ಪಾಳಿಗೆ ನಿಂತೀನಿ,
ತೊಂಬತ್ತು ಕಿಲೋದ ಅಜ್ಜನ್ನ ಒಬ್ಬಾಕೀನ ಹೊಳ್ಳಿಸೀನಿ.
ಇನ್ನ ಎಷ್ಟು ಮಾಡ್ಕೋಬೇಕಂತ, ಕೇಳ್ರಿ ಅವರನ್ನ.'

ಕೈಯೆತ್ತಿ ನ್ಯಾಯಾಧೀಶೆಯ ಅನುಮತಿ ಬೇಡಿದೆ:
ಈ ಪದ ನಮ್ಮ ಭಾಷೆಯಲ್ಲಿ ಮುಖ ತಿರುಗಿಸಿ ನಿಂತಿದೆ, ಮೇಡಂ.
ಬಸ್ಸಿನ ಸೀಟಿಗೆ ನಾಲ್ಕನೆಯವರು ಬಂದಾಗ,
ಹೊಸ ಸೊಸೆ ಅತ್ತಾಗ,
ಸಂಬಳ ಮುಂದಿನ ತಿಂಗಳಿಗೆ ಹೋದಾಗ
ನಾವು ಹೇಳುವುದು ಇದನ್ನೇ.
ಅದನ್ನು ಮೇಲಿನವರಿಗೆ ಹೇಳಿದ್ದು
ನಾನಂತೂ ಕೇಳಿಲ್ಲ.

ಅವರು ಕನ್ನಡಕ ತೆಗೆದಿಟ್ಟರು.
'ಹಾಗಾದರೆ ತಿಳಿಸಿ. ಇಲ್ಲಿ ಹೊಂದಿಕೊಳ್ಳುವ ಹೊಣೆ
ಕೆಲಸ ಕೊಟ್ಟವರದು.'

ತಿಳಿಸಿದೆ.
ಕೊಳವೆ ಮೂರು ಸಲ ಬಡಿಯುವವರೆಗೆ ಹುಲಿಗೆಮ್ಮ ಸುಮ್ಮನಿದ್ದಳು.
'ಅವರು... ಮಾಡ್ಕೋಬೇಕಿತ್ತಾ?'
ಪ್ರಶ್ನೆಯನ್ನು ಪ್ರಶ್ನೆಯಾಗಿಯೇ ದಾಟಿಸಿದೆ.
ವಕೀಲ ಮೂಗು ಒರೆಸಿಕೊಂಡ.

ಆದರೆ ರಾಜೀನಾಮೆ ನೀವೇ ಬರೆದದ್ದಲ್ಲವೇ?
'ಬಿಲಕ್ಕ ಹೊಗಿ ಹಾಕಿದ್ರ ಇಲಿ ತಾನ ಹೊರಗ ಬರ್ತೈತ್ರಿ.
ಯಾರೂ ಹೊಡಿಲಿಲ್ಲ ಅಂತ ಬರಕೋರಿ ಬೇಕಾದ್ರ.'
ಇದಕ್ಕೆ ಕಾನೂನಿನಲ್ಲಿ ಉದ್ದನೆಯ ಹೆಸರಿದೆ,
ಕನ್ನಡಕ್ಕೆ ತಂದರೆ ಅಣೆಕಟ್ಟಿನ ಯೋಜನೆಯಂತೆ ಕೇಳಿಸುತ್ತದೆ.
ಹೊಗೆಯನ್ನೂ ಇಲಿಯನ್ನೂ ಇದ್ದ ಹಾಗೇ ಕೊಟ್ಟೆ.
ನ್ಯಾಯಾಧೀಶೆಯ ಪೆನ್ನು ಒಂದು ಗಳಿಗೆ ತಡೆದು
ಮತ್ತೆ ಓಡಿತು.

ನಾಲ್ಕೂವರೆಗೆ: ತೀರ್ಪು ಕಾಯ್ದಿರಿಸಲಾಗಿದೆ.
'ರಿಸರ್ವೇಶನ್ನಾ? ನನ್ನ ಹೆಸರಿಗೇನ್ರಿ?'
ನಗುವಂತಿರಲಿಲ್ಲ ನಾನು.

ಹೊರಗೆ ಪಕ್ಷಗಾರರೊಡನೆ ಮಾತಾಡಬಾರದು, ನಿಯಮ.
ಬಸ್ ನಿಲ್ದಾಣದ ಬೆಂಚಿನ ಮೇಲೆ ನಾನು, ನನ್ನ ಚೀಲ.
ಅವಳು ನಿಂತಿದ್ದಳು, ಒಂದು ಕೈ ಸೊಂಟಕ್ಕೆ ಕೊಟ್ಟು,
ಬರದ ಬಸ್ಸಿನ ಕಡೆ ನೋಡುತ್ತ.
ಚೀಲ ಎತ್ತಿ ತೊಡೆಯ ಮೇಲಿಟ್ಟುಕೊಂಡು
ಸರಿದೆ.