ಏಳು ದಿನದ ಸಾಲು

ಆಕಿ ಹಿಂದ ಹೋದಾಕಿ ನಾನ.
ಗೆರಿ ದಾಟಿ ಸೈಕಲ್ ಇನ್ನೂ ನಿಂತಿದ್ದಿಲ್ಲ,
ಓಡಿ ಹೋಗಿ ಹೆಗಲ ಮುಟ್ಟಿ ಅಂದೆ:
ಬೌರಮ್ಮ, ನಿನ್ನ ಹೆಸರ ಬಂದೈತಿ,
ಇನ್ನ ನನ್ನ ಕಣ್ಣ ತಪ್ಪಿಸಿ ಎಲ್ಲೂ ಹೋಗಂಗಿಲ್ಲ.
ನಕ್ಕಳು. ಮೂಗಿನ ಮ್ಯಾಲೆ ಉಪ್ಪು ಒಣಗಿತ್ತು.
ವಿಜಯಪುರದಿಂದ ತಿಡಗುಂದಿ, ಹೊಳ್ಳಿ ವಿಜಯಪುರ,
ಮತ್ತೊಮ್ಮೆ ಅದನ್ನ. ಮಾರ್ಚಿನ ಬಿಸಲು.
ಮೈಯಾಗ ನೀರ ಎಲ್ಲಿರಬೇಕು?

ತೊಂಬತ್ತು ಮಿಲಿ ಬೇಕು ಅಂದ್ರು ಸಾಹೇಬರು,
ಕಡಿಮಿ ಆದ್ರ ಮತ್ತ ಕೂಡ್ರು.
ಸೀಲ್ ಬಾಟ್ಲಿ ಐದು ಕುಡಿದ್ಳು.
ಎರಡು ತಾಸು ಕುಂತ್ವಿ ಶಾಮಿಯಾನಾದ ಹಿಂದ,
ಅತ್ತಾಗ ಮೈಕಿನ್ಯಾಗ ಆಕಿ ಹೆಸರ ಕೂಗತಿದ್ರು,
ಹಾರ ಹಿಡಕೊಂಡು ಅಧ್ಯಕ್ಷರು ಕಾಯತಿದ್ರು.

ನಾ ಪಿ.ಟಿ. ಟೀಚರ್.
ಅವತ್ತಿನ ಕೂಲಿ ಎಂಟನೂರು, ಮ್ಯಾಲೆ ಊಟ.
ಕೆಲಸ ಅಂದ್ರ ನೋಡೂದು.
ಬಾಗಲಾ ಹಾಕ್ಕೊಂಡು ಒಂದ ಖೋಲ್ಯಾಗ
ಅಂಗಿ ಎದಿತನಕ ಎತ್ತಿಸಿ, ತೋಳು ಮೊಳಕೈತನಕ ಮಡಚಿಸಿ,
ಮಗಳ ವಯಸ್ಸಿನಾಕಿನ್ನ ಕಣ್ಣ ಮಿಟುಕದ ನೋಡೂದು.
ನಾಚಿ ನಳದ ಕಡೆ ನೋಡಿದ್ರ
ಅದು ನನ್ನ ತಪ್ಪು.

ಬಾಟ್ಲಿ ಎರಡು. ಕೇಸರಿ ಮುಚ್ಚಳ, ನೀಲಿ ಮುಚ್ಚಳ.
ತನ್ನ ಕೈಲೆ ತಾನ ಸುರುವಿದ್ಳು.
ಗಾಣಿಗೇರ ಮಗಳಲ್ಲ,
ಒಂದ ಹನಿ ಚೆಲ್ಲಲಿಲ್ಲ.

ಆಮ್ಯಾಲೆ ಹಾಳಿ. ಹಾಳ್ಯಾಗ ಒಂದು ಸಾಲು:
ಕಳೆದ ಏಳು ದಿನದಲ್ಲಿ ತೆಗೆದುಕೊಂಡ ಔಷಧ.
ಪೆನ್ನು ನನ್ನ ಕೈಯಾಗಿತ್ತು.
“ಸೋಮವಾರ ಜ್ವರ ಬಂದಿತ್ರಿ. ಕೊಲ್ಹಾರದಾಗ
ಕಂಪೌಂಡರ ಒಂದು ಸೂಜಿ ಮಾಡಿದ.”
ಯಾವ ಸೂಜಿ?
“ಯಾಂಬಲ್ರಿ. ಸಣ್ಣ ಬಾಟ್ಲಿ.”
ಸಾಹೇಬರು ಗಡಿಯಾರ ನೋಡಿದ್ರು.
ಹೆಸರಿಲ್ಲದ್ದು ಬರಿಯಾಕ ಬರಂಗಿಲ್ಲ ಅಂದ್ರು,
ಐದೂವರಿಗೆ ಅವರ ರೈಲು.
“ಇಲ್ಲ” ಅಂತ ಬರದೆ ನಾ.
ಎರಡ ಅಕ್ಷರ.
ಕೆಳಗ ಆಕಿ ಸಹಿ, ಕನ್ನಡದಾಗ, ಬಾಲಾ ಎಳೆದು.

ಇಪ್ಪತ್ತೆರಡು ದಿನಕ್ಕ ಹಾಸ್ಟೆಲಿಗೆ ಪತ್ರ, ಇಂಗ್ಲೀಷಿನ್ಯಾಗ.
ಡೆಕ್ಸಾಮೆಥಾಸೋನ್ ಅಂತ ಓದಾಕ
ವಾರ್ಡನ್ನಿಗೂ ಮೂರು ಸಲ ಬೇಕಾತು.
ಮೊದಲ ಅಮಾನತು, ವಿಚಾರಣಿ ಆಮ್ಯಾಲೆ.
ನೀಲಿ ಬಾಟ್ಲಿ ತೆಗಸಬೇಕಂದ್ರ ರೊಕ್ಕ ತುಂಬಬೇಕು,
ಅದೂ ಇಂಥಾ ತಾರೀಖಿನೊಳಗ.
ಗಾಂಧಿ ಚೌಕದಾಗಿನ ಫ್ಲೆಕ್ಸು ಆ ಸಂಜೀಗೇ ಇಳೀತು,
ಅದರ ಕಟಗಿ ಚೌಕಟ್ಟಿಗೆ ಮತ್ತೊಬ್ಬರ ಹುಟ್ಟುಹಬ್ಬ.

ಫೆಡರೇಶನ್ ಅಂತು: ಏಜೆನ್ಸಿನ್ನ ಕೇಳ್ರಿ.
ಏಜೆನ್ಸಿ ಅಂತು: ಸಮಿತಿ ನೋಡತೈತಿ.
ಸಮಿತಿ ದಿಲ್ಲ್ಯಾಗ. ಮೊಬೈಲಿನ್ಯಾಗ ಮೂರು ಮುಖ.
ನೆಟ್‌ವರ್ಕ್ ಹೋದಾಗ ಮೂರೂ
ಬಾಯಿ ತಕ್ಕೊಂಡು ಹಂಗ ನಿಂತಿದ್ವಂತ.
ಹಾಳ್ಯಾಗ ಇಲ್ಲ ಅಂತ ಯಾಕ ಬರದಿ?
ಅಂತ ಕೇಳಿದ್ರಂತ.

ಆಕಿ ನನ್ನ ಹೆಸರ ಹೇಳಲಿಲ್ಲ.
ಗೊತ್ತಿತ್ತು. ಆರನೇತ್ತಾದಾಗ
ನನ್ನ ಸೀಟಿ ಕೇಳಿ ಓಡಿದಾಕಿ.

ನಿಯಮ ನಾನೂ ಬಲ್ಲೆ.
ಮೈಯಾಗ ಏನ ಹೊಕ್ಕರೂ ಮೈ ಧನೀನ ಹೊಣಿ.
ಸಾಲು ತುಂಬಿದ್ರ ಸೂಜಿ ಹೊರಗ ಬರತಿದ್ದಿಲ್ಲ.
ಎರಡು ವರ್ಷ ಹೋಗಿ ಆರು ತಿಂಗಳಾಗತಿತ್ತೇನೋ.
ಏನೋ.
ಅದ ತಿಂಗಳ ದೊಡ್ಡ ಊರಿನಾಂವ ಒಬ್ಬ ಸಿಕ್ಕ,
ಪೌಡರಿನ ಡಬ್ಬೀನ ಕಲಬೆರಕಿ ಅಂತ ವಕೀಲ ತೋರಿಸಿದ,
ಎಂಬತ್ತು ದಿನಕ್ಕ ಹೊಳ್ಳಿ ಬಂದ. ಬರಲಿ.
ಡಬ್ಬಿ ಖರೇನ ಕಲಬೆರಕಿ ಇದ್ದೀತು.
ಕೊಲ್ಹಾರದ ಕಂಪೌಂಡರನ ಬಿಲ್ಲಿಗೆ ವಕೀಲ ಎಲ್ಲಿಂದ ಬರಬೇಕು?
ಬಿಲ್ಲರ ಎಲ್ಲೈತಿ?

ನಮ್ಮೂರ ಗುಮ್ಮಟದಾಗ ಒಂದ ಮಾತು
ಏಳು ಸಲ ಹೊಳ್ಳಿ ಬರತೈತಿ,
ಮಂದಿ ಟಿಕೀಟು ತಗದು ಕೇಳತಾರ.
ನಾ ದಿಲ್ಲಿಗೆ ಮೂರು ಪತ್ರ ಬರದೆ:
ಬರದಾಕಿ ನಾನು, ಆಕಿ ಹೇಳಿದ್ಳು, ನನ್ನನ್ನ ಕರೀರಿ.
ಒಂದಕ್ಕೂ ದನಿ ಹೊಳ್ಳಲಿಲ್ಲ.
ಎಂಟನೂರು ಮಾತ್ರ ತಪ್ಪದ ಖಾತೆಗೆ ಬಿತ್ತು.

ಬ್ಯಾಗಿನ್ಯಾಗ ಹಾಳಿಯ ಗುಲಾಬಿ ಪ್ರತಿ ಐತಿ.
ಕಾರ್ಬನ್ನಿನ ಅಕ್ಷರ ಮಾಸಾಕ ಹತ್ಯಾವು,
“ಇಲ್ಲ” ಒಂದ ಇನ್ನೂ ದಪ್ಪಗ.
ಅವತ್ತು ಒತ್ತಿ ಬರದಿದ್ದೆ ಕಾಣತೈತಿ.

ನಿನ್ನಿ ಬೆಳಕ ಹರಿಯೂ ಮುಂದ ಭೂತನಾಳ ಕೆರಿ ದಾರ್ಯಾಗ
ಆಕಿ ಎದುರಿಗೆ ಬಂದ್ಳು. ಅಣ್ಣನ ಅಂಗಿ,
ಕ್ಯಾರಿಯರ್ ಇರೋ ಸಾದಾ ಸೈಕಲ್,
ಹಿಂದ ಕುಸುಬಿ ಎಣ್ಣಿ ಡಬ್ಬಿ ಎರಡು.
ಬೆನ್ನು ಮಾತ್ರ ಅದ, ರೇಸಿನ ಬೆನ್ನು, ಬಾಗಿ.
“ಆರಾಮೇನ್ರಿ ಟೀಚರ್?” ಅಂದ್ಳು
ಪೆಡಲು ನಿಲ್ಲಿಸದ.

ಹೂಂ, ಅಂದೆ.
ಒಂದ ಅಕ್ಷರ.